ಸಿಕಲ್ ಟ್ರೇಟ್ ಇರೋ ಮಗು, ಮೂತ್ರ ಸದಾ ತಿಳಿ: ಕ್ರಿಯಾಟಿನಿನ್ ನಾರ್ಮಲ್ ಇದ್ರೆ ಸಾಕಾ?

ಹಿರಿಯೂರು_ಉಪಕೇಂದ್ರ:
8 ವರ್ಷದ ಹುಡುಗ, 22 ಕೆ.ಜಿ., ಎತ್ತರ 120 ಸೆಂ.ಮೀ. ಸಿಕಲ್ ಟ್ರೇಟ್ ಇದೆ, ಅಂದ್ರೆ ಕುಡುಗೋಲು ಕಣದ ಜೀನ್ ಅಪ್ಪ-ಅಮ್ಮ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಬಂದಿದೆ. ಎಚ್‌ಪಿಎಲ್‌ಸಿಯಲ್ಲಿ (ಹಿಮೋಗ್ಲೋಬಿನ್ ಬಗೆಗಳನ್ನ ಬೇರ್ಪಡಿಸಿ ಅಳೆಯೋ ರಕ್ತ ಪರೀಕ್ಷೆ) ಸಾಮಾನ್ಯ ಹಿಮೋಗ್ಲೋಬಿನ್ ಎ ಶೇ. 58, ಸಿಕಲ್‌ನ ಎಸ್ ಶೇ. 37. ಎಚ್‌ಬಿ (ಒಟ್ಟು ಹಿಮೋಗ್ಲೋಬಿನ್) 12, ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕೋ ತ್ಯಾಜ್ಯ) 0.5. ಮೂರು ಸಲ ನೋಡಿದ್ರೂ ಮೂತ್ರದ ಸ್ಪೆಸಿಫಿಕ್ ಗ್ರಾವಿಟಿ (ಮೂತ್ರ ಎಷ್ಟು ಗಟ್ಟಿ ಅನ್ನೋ ಅಳತೆ) 1.010ರ ಆಸುಪಾಸೇ. ಹಾಸಿಗೆ ಒದ್ದೆ ಮಾಡ್ತಾನೆ ಅಂತ ಮನೆಯವರು ಸಂಜೆ ಆರರ ಮೇಲೆ ನೀರೇ ಕೊಡ್ತಿಲ್ಲ. ಒಂದು ಸಲ ಸ್ಟ್ರಿಪ್‌ನಲ್ಲಿ ರಕ್ತ ಪಾಸಿಟಿವ್ ಬಂತು, ಮೈಕ್ರೋಸ್ಕೋಪ್‌ನಲ್ಲಿ ಕೆಂಪು ಕಣ ಇಲ್ಲ ಅಂತ ರಿಪೋರ್ಟ್. ಅಜ್ಜಿ "ಉಷ್ಣ ಆಗೈತೆ" ಅಂತಾರೆ. ಮುಂದೇನು ಮಾಡಿಸ್ಲಿ?

ಮಕ್ಕಳ_ಕಿಡ್ನಿ:
ಮೇಡಂ, ಮೊದಲು ನೀರು ನಿಲ್ಲಿಸಿರೋದನ್ನ ಇವತ್ತೇ ಬಿಡಿಸಿ. ಈ ಮಗುವಿಗೆ ಅದೇ ಅಪಾಯ.

ಕಿಡ್ನಿಯ ಒಳಭಾಗದಲ್ಲಿ, ಅಂದ್ರೆ ಮೆಡುಲ್ಲಾದಲ್ಲಿ ಆಕ್ಸಿಜನ್ ಕಮ್ಮಿ, ಹುಳಿ ಜಾಸ್ತಿ, ಉಪ್ಪು ಗಟ್ಟಿ. ಉಳಿದ ಕಡೆ ಸುಮ್ಮನಿರೋ ಟ್ರೇಟ್ ಕಣ ಅಲ್ಲಿ ಕುಡುಗೋಲಿನ ಹಾಗೆ ಬಾಗುತ್ತೆ. ಸಣ್ಣ ರಕ್ತನಾಳಗಳಿಗೆ ಪೆಟ್ಟು ಬಿದ್ದಾಗ ಮೂತ್ರವನ್ನ ಗಟ್ಟಿ ಮಾಡೋ ಶಕ್ತಿ ಕುಗ್ಗುತ್ತೆ. ನೀರು ನಿಲ್ಲಿಸಿದ್ರೂ ಮೂತ್ರ ಅಷ್ಟಾಗಿ ಕಮ್ಮಿಯಾಗಲ್ಲ, ಮಗು ಒಣಗುತ್ತೆ, ಕಣ ಇನ್ನೂ ಬಾಗುತ್ತೆ.

ಕ್ರಿಯಾಟಿನಿನ್ ಈ ತೊಂದರೆಯನ್ನ ತೋರಿಸೋದೇ ಇಲ್ಲ. ಅದು ಸೋಸುವ ಕೆಲಸದ ಲೆಕ್ಕ. 0.413 × ಎತ್ತರ 120 ÷ ಕ್ರಿಯಾಟಿನಿನ್ 0.5 ಮಾಡಿದ್ರೆ ಸೋಸುವ ವೇಗ ಸುಮಾರು 99, ಚೆನ್ನಾಗಿದೆ. ಆದ್ರೆ ಗಟ್ಟಿ ಮಾಡುವ ಕೆಲಸ ಬೇರೆ.

ಹಾಗಂತ ಎಲ್ಲವನ್ನೂ ಟ್ರೇಟ್ ತಲೆಗೆ ಕಟ್ಟಬೇಡಿ. ಟ್ರೇಟ್‌ನಲ್ಲಿ ಈ ಕುಂದು ವಯಸ್ಸಿನ ಜೊತೆ ನಿಧಾನವಾಗಿ ಬರೋದು, 8 ವರ್ಷಕ್ಕೆ ಸಾಮಾನ್ಯವಾಗಿ ಸ್ವಲ್ಪವೇ. ರಕ್ತದ ಸಕ್ಕರೆ ಇವತ್ತೇ ನೋಡಿ, ಮೂತ್ರದ ಸೋಂಕು, ಮಲಬದ್ಧತೆ ಕೇಳಿ. ಮಗುವನ್ನ ನೀರಿಲ್ಲದೆ ಇಟ್ಟು ಪರೀಕ್ಷೆ ಮಾಡೋದು ಆಸ್ಪತ್ರೆಯಲ್ಲೇ ಆಗಬೇಕು.

22 ಕೆ.ಜಿ.ಗೆ ದಿನಕ್ಕೆ ಹಾಲು, ಸಾರು ಎಲ್ಲ ಸೇರಿ ಸುಮಾರು ಒಂದೂವರೆ ಲೀಟರ್, ಬಿಸಿಲಲ್ಲಿ ಇನ್ನೂ ಹೆಚ್ಚು. ಬೆಳಗಿಂದ ಸಂಜೆವರೆಗೆ ಹಂಚಿ ಕುಡಿಸಿ, ರಾತ್ರಿ ಕೇಳಿದ್ರೆ ಕೊಡಿ. ಭೇದಿ, ವಾಂತಿ ಇದ್ರೆ ಓಆರ್‌ಎಸ್ ಬೇಗ ಶುರು ಮಾಡಿ, ಐಬುಪ್ರೊಫೇನ್ ಬೇಡ, ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು.

ಲ್ಯಾಬ್_ದಾವಣಗೆರೆ:
ಸ್ಟ್ರಿಪ್ ಪಾಸಿಟಿವ್, ಕಣ ಇಲ್ಲ ಅನ್ನೋ ಒಗಟಿಗೆ ಒಂದು ಕಾರಣ ಇರಬಹುದು: ತಿಳಿ ಮೂತ್ರದಲ್ಲಿ ಕೆಂಪು ಕಣ ನೀರು ಹೀರಿ ಒಡೆಯಬಹುದು. ಮಾದರಿ ಟೇಬಲ್ ಮೇಲೆ ಎರಡು ಗಂಟೆ ಕೂತಿತ್ತಾ ಅಂತ ಕೇಳಿ. ಬೆಳಿಗ್ಗೆ ಎದ್ದ ತಕ್ಷಣದ ಮೂತ್ರ, ಮಧ್ಯದ ಧಾರೆ, ಒಂದು ಗಂಟೆ ಒಳಗೆ ನೋಡಬೇಕು. ಸ್ಪೆಸಿಫಿಕ್ ಗ್ರಾವಿಟಿ ಸ್ಟ್ರಿಪ್ ಬಣ್ಣದಿಂದ ಬೇಡ, ರಿಫ್ರ್ಯಾಕ್ಟೋಮೀಟರ್‌ನಲ್ಲಿ (ಬೆಳಕು ಬಾಗೋದನ್ನ ನೋಡಿ ಅಳೆಯೋ ಉಪಕರಣ) ಓದಿಸಿ. ಅದೇ ಮಾದರಿಯಲ್ಲಿ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ (ಮೂತ್ರದಲ್ಲಿ ಪ್ರೋಟೀನ್ ಸೋರಿಕೆಯ ಅಳತೆ) ಕೂಡ ಆಗಲಿ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಆಲ್ಬುಮಿನ್ 30 ಮಿ.ಗ್ರಾಂ ಒಳಗಿರಬೇಕು. ಜ್ವರ, ಹಿಂದಿನ ದಿನ ಜೋರು ಆಟ ಇದ್ರೆ ಸುಳ್ಳೇ ಏರುತ್ತೆ, ಒಂದೇ ರಿಪೋರ್ಟ್ ನಂಬಬೇಡಿ.

ಎಚ್‌ಪಿಎಲ್‌ಸಿ ಸರಿಯಾಗೇ ಇದೆ, ಎ ಹೆಚ್ಚು, ಎಸ್ ಕಮ್ಮಿ. ಎಸ್ ಹೆಚ್ಚಿದ್ದರೆ ಟ್ರೇಟ್ ಅಲ್ಲ, ಎಸ್-ಬೀಟಾ ಥಲಸ್ಸೀಮಿಯಾ (ಸಿಕಲ್ ಜೊತೆ ಥಲಸ್ಸೀಮಿಯಾ ಜೀನ್ ಸೇರಿದ ಕಾಯಿಲೆ) ಇರಬಹುದು. ಎಸ್ ಇದೆಯೋ ಇಲ್ಲವೋ ಅಷ್ಟೇ ಹೇಳೋ ಸಾಲ್ಯುಬಿಲಿಟಿ ಟೆಸ್ಟ್ ಮಾತ್ರ ಮಾಡಿಸಿ ಟ್ರೇಟ್ ಅಂದವರ ಮಾತು ನಿಲ್ಲಲ್ಲ.

ಹಿರಿಯೂರು_ಉಪಕೇಂದ್ರ:
ರಕ್ತ ನಿಜಕ್ಕೂ ಬಂದರೆ?

ಮಕ್ಕಳ_ಕಿಡ್ನಿ:
ಡಿಕಾಕ್ಷನ್ ಬಣ್ಣದ ಮೂತ್ರವನ್ನ ಉಷ್ಣ ಅಂತ ಎಳನೀರು ಕುಡಿಸಿ ಕೂರಬೇಡಿ. ಟ್ರೇಟ್‌ನಲ್ಲಿ ರಕ್ತ ಹೆಚ್ಚಾಗಿ ಎಡ ಕಿಡ್ನಿಯಿಂದ ಬರುತ್ತೆ, ವಿಶ್ರಾಂತಿ, ನೀರಿನಲ್ಲಿ ಬಹುಪಾಲು ನಿಲ್ಲುತ್ತೆ. ಆದ್ರೂ ಅಲ್ಟ್ರಾಸೌಂಡ್ ಬೇಕೇ ಬೇಕು. ಪಕ್ಕೆ ನೋವು, ಗಂಟು, ತೂಕ ಇಳಿಕೆ ಸೇರಿದರೆ ವಾರ ಕಾಯದೆ ಸ್ಕ್ಯಾನ್ ಮಾಡಿಸಿ. ಮೆಡುಲ್ಲರಿ ಕಾರ್ಸಿನೋಮ ಅನ್ನೋ ಕಿಡ್ನಿ ಕ್ಯಾನ್ಸರ್ ಅಪರೂಪ, ಆದ್ರೆ ಅದು ಬರೋದು ಹೆಚ್ಚುಪಾಲು ಟ್ರೇಟ್ ಇರೋ ಎಳೆಯರಿಗೇ.

ನೀರು_ಚಿತ್ರದುರ್ಗ:
ಒಂದು ಮಾತು. ನೀರು ಜಾಸ್ತಿ ಕುಡೀಬೇಕಂದ್ರೆ ಯಾವ ನೀರು ಅನ್ನೋದೂ ಮುಖ್ಯ. ನಮ್ಮ ಜಿಲ್ಲೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಲೀಟರ್‌ಗೆ 1.5 ಮಿ.ಗ್ರಾಂ ಮಿತಿ ದಾಟುತ್ತೆ. ಕುದಿಸಿದ್ರೆ ಹೋಗಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತೆ. ಶುದ್ಧ ನೀರಿನ ಘಟಕದ ಕ್ಯಾನ್ ತರಿಸಿ. ಶಾಲೆಯಲ್ಲಿ ಬಾಟಲಿ ಪಕ್ಕದಲ್ಲೇ ಇರಲಿ, ಮಾರ್ಚ್ ಬಿಸಿಲಲ್ಲಿ ಮೈದಾನ ಸುತ್ತಿಸೋ ಶಿಕ್ಷೆ ಬೇಡ ಅಂತ ಪಿಟಿ ಮೇಷ್ಟ್ರಿಗೆ ಚೀಟಿ ಬರೆದು ಕೊಡಿ.