ಅತ್ಯಾಚಾರ ಕೇಸಿನಲ್ಲಿ ಚಾರ್ಜ್‌ಶೀಟ್ ಹಾಕೋ ತೀರ್ಮಾನ ಯಾರದು?

ತುಂಗಭದ್ರೆ (ಸಿಂಧನೂರು):
ನಮಸ್ಕಾರ್ರಿ. ಎಫ್‌ಐಆರ್ ಆದಮೇಲೆ ಹೆಣ್ಣುಮಕ್ಕಳು ಸ್ಟೇಷನ್ನಿಗೆ ಹೋಗಿ ಕೇಳಿದ್ರೆ "ಫೈಲು ಪಿಪಿ (ಸರ್ಕಾರಿ ವಕೀಲರು) ಸಾಹೇಬ್ರ ಹತ್ರ ಐತಿ, ಅವ್ರು ಹೂಂ ಅಂದ್ರೆ ಚಾರ್ಜ್‌ಶೀಟು" ಅಂತಾರ. ಕೇಸು ನಡೆಸೋದೋ ಬಿಡೋದೋ ಸರ್ಕಾರಿ ವಕೀಲರೇ ತೀರ್ಮಾನ ಮಾಡ್ತಾರಾ? ಏನು ನೋಡಿ ಮಾಡ್ತಾರ? ಬಲ್ಲವರು ಬಿಡಿಸಿ ಹೇಳ್ರಿ.

ಕರಿಕೋಟು (ಬಳ್ಳಾರಿ):
ಇಲ್ಲ ಅಕ್ಕಾರೆ. ಇಂಗ್ಲೆಂಡಿನಲ್ಲಿ ಇಂಥ ಕೇಸಿಗೆ ಆ ಅಧಿಕಾರ ಪ್ರಾಸಿಕ್ಯೂಟರಿಗೆ ಇದೆ. ನಮ್ಮಲ್ಲಿ ಚಾರ್ಜ್‌ಶೀಟ್ ಅಂದ್ರೆ ತನಿಖೆಯ ಕೊನೆಯ ವರದಿ, ಅದನ್ನ ಹಾಕೋದು ತನಿಖಾಧಿಕಾರಿ, ಆರೋಪ ನಿಗದಿ ಮಾಡೋದು ಸೆಷನ್ಸ್ ಕೋರ್ಟು. ಪಿಪಿ ಅಭಿಪ್ರಾಯ ತಗೊಂಡೇ ಚಾರ್ಜ್‌ಶೀಟ್ ಹಾಕಿ ಅಂತ ಪೊಲೀಸರಿಗೆ ಆದೇಶಿಸೋಕೆ ಬರಲ್ಲ ಅಂತ ಸುಪ್ರೀಂ ಕೋರ್ಟ್ 2000ರಲ್ಲೇ ಆರ್. ಸರಳಾ ಪ್ರಕರಣದಲ್ಲಿ ಹೇಳಿದೆ. ಪಿಪಿ ಕರಡು ಓದಿ ಕೊರತೆ ತೋರಿಸಬಹುದು, ಅಷ್ಟೇ.

ಪಿಪಿ ಮೊದಲು ನೋಡೋದು ಸಂತ್ರಸ್ತೆಯ ಹೇಳಿಕೆಗಳನ್ನ. ದೂರಿನಲ್ಲಿ ಒಂದು, ಮ್ಯಾಜಿಸ್ಟ್ರೇಟರ ಮುಂದೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 183ರಡಿ ಕೊಟ್ಟಿದ್ದರಲ್ಲಿ ಇನ್ನೊಂದು ಇದ್ದರೆ ಪಾಟೀಸವಾಲಿನಲ್ಲಿ ಅಲ್ಲೇ ಏಟು ಬೀಳೋದು. ದೂರು ತಡವಾಗಿದ್ದರೆ ಕಾರಣ ದೂರಿನಲ್ಲೇ ಬರೆಸಬೇಕು. ಅಂಜಿಕೆ, ಮರ್ಯಾದೆ, ಊರಿನ ಹಿರಿಯರ ಒತ್ತಡ, ಏನಿತ್ತೋ ಅದನ್ನೇ. ಸಂತ್ರಸ್ತೆಯ ಮಾತು ನಂಬುವಂತಿದ್ದರೆ ಅದೊಂದರ ಮೇಲೇ ಶಿಕ್ಷೆ ಆಗಬಹುದು ಅಂತ ಸುಪ್ರೀಂ ಕೋರ್ಟಿನ 1996ರ ಗುರ್ಮಿತ್ ಸಿಂಗ್ ತೀರ್ಪು ಇದೆ. ಮೈಮೇಲೆ ಗಾಯ ಇಲ್ಲ, ಪ್ರತಿರೋಧಿಸಲಿಲ್ಲ ಅಂದಮಾತ್ರಕ್ಕೆ ಒಪ್ಪಿಗೆ ಆಗಲ್ಲ. ಪ್ರತಿರೋಧದ ಮಾತು ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 63ರ ವಿವರಣೆಯಲ್ಲೇ ಬರೆದಿದೆ. ಹುಡುಗಿ 18ರ ಒಳಗಿದ್ದರೆ ಒಪ್ಪಿಗೆಯ ಪ್ರಶ್ನೆಯೇ ಏಳಲ್ಲ, ಆದರೆ ವಯಸ್ಸಿಗೆ ಶಾಲೆಯ ದಾಖಲೆ ಬೇಕು. ಆಧಾರ್ ನಕಲು ಹಚ್ಚಿ ಕೈತೊಳೆದುಕೊಂಡರೆ ಸಾಲದು.

ಬಿಳಿಕೋಟು (ಕೊಪ್ಪಳ):
ಆಸ್ಪತ್ರೆ ಕಡೆಯದು ಸೇರಿಸ್ತೀನಿ. ಮಾಹಿತಿ ಬಂದ 24 ತಾಸಿನೊಳಗೆ ಪೊಲೀಸರು ಸಂತ್ರಸ್ತೆಯನ್ನ ವೈದ್ಯಕೀಯ ಪರೀಕ್ಷೆಗೆ ಕಳಿಸಬೇಕು. ಆಕೆಯ ಒಪ್ಪಿಗೆ ಇಲ್ಲದೆ ಮುಟ್ಟಂಗಿಲ್ಲ. ಘಟನೆಯಾಗಿ 96 ತಾಸಿನೊಳಗಿದ್ದರೆ ಸ್ವಾಬ್ (ಹತ್ತಿ ಕಡ್ಡಿಯಿಂದ ಒರೆಸಿ ತೆಗೆಯೋ ಮಾದರಿ) ತೆಗೀಲೇಬೇಕು. 7 ದಿನದಲ್ಲಿ ವರದಿ ತನಿಖಾಧಿಕಾರಿಗೆ ಹೋಗಬೇಕು. ಎರಡು ಬೆರಳಿನ ಪರೀಕ್ಷೆ ಯಾರಾದರೂ ಮಾಡಿದರೆ ಅದು ದುರ್ನಡತೆ, 2022ರಲ್ಲಿ ಸುಪ್ರೀಂ ಕೋರ್ಟ್ ಖಡಾಖಂಡಿತವಾಗಿ ಹೇಳಿದೆ.

ಹೆಚ್ಚು ಕೆಡೋದು ಬಟ್ಟೆ. ಹಸಿ ಬಟ್ಟೆಯನ್ನ ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರೆ ನಮ್ಮ ಬಿಸಿಲಿಗೆ ಬೆವತು ಬೂಜು ಹಿಡೀತದೆ, ಡಿಎನ್‌ಎ ಹಾಳಾಗ್ತದೆ. ನೆರಳಲ್ಲಿ ಆರಿಸಿ, ಒಂದೊಂದನ್ನೂ ಬೇರೆಬೇರೆ ಕಾಗದದ ಚೀಲಕ್ಕೆ ಹಾಕಿ, ಅರಗಿನ ಮೊಹರು ಒತ್ತಿ, ಮೊಹರಿನ ಮಾದರಿ ಜೊತೆಗಿಡಬೇಕು. ಪೊಟ್ಟಣ ಯಾವತ್ತು ಯಾರ ಕೈಯಿಂದ ಯಾರ ಕೈಗೆ ಹೋಯ್ತು ಅನ್ನೋ ಬರಹದಲ್ಲಿ ಒಂದು ದಿನ ಖಾಲಿ ಬಿಟ್ಟರೂ ಎದುರು ವಕೀಲರು ಅದನ್ನೇ ಹಿಡಿದು ಜಗ್ತಾರೆ.

ತುಂಗಭದ್ರೆ (ಸಿಂಧನೂರು):
ಎಫ್‌ಎಸ್‌ಎಲ್ (ವಿಧಿವಿಜ್ಞಾನ ಲ್ಯಾಬ್) ವರದಿ ಬಂದಿಲ್ಲ ಅಂತ ತಡ ಮಾಡಿದ್ರ? ಇಲ್ಲಾ ಬಿ ರಿಪೋರ್ಟ್ (ಕೇಸು ಮುಚ್ಚೋ ವರದಿ) ಹಾಕಿಬಿಟ್ರ?

ಕರಿಕೋಟು (ಬಳ್ಳಾರಿ):
ಅತ್ಯಾಚಾರ ಪ್ರಕರಣದಲ್ಲಿ ಮಾಹಿತಿ ದಾಖಲಾದ ದಿನದಿಂದ ಎರಡು ತಿಂಗಳಲ್ಲಿ ತನಿಖೆ ಮುಗಿಸಬೇಕು, ಬಿಎನ್‌ಎಸ್‌ಎಸ್ 193. ಲ್ಯಾಬ್ ವರದಿ ಬಾಕಿ ಇದ್ದರೂ ಚಾರ್ಜ್‌ಶೀಟ್ ಹಾಕಿ ಆಮೇಲೆ ಪೂರಕವಾಗಿ ಕೊಡಬಹುದು. ಆರೋಪಿ ಒಳಗಿದ್ದು ಚಾರ್ಜ್‌ಶೀಟ್ ಇಲ್ಲದೆ 90 ದಿನ ದಾಟಿದರೆ ಆ ತಡದ ಕಾರಣಕ್ಕೇ ಸಿಗೋ ಡೀಫಾಲ್ಟ್ ಜಾಮೀನು ಕೇಳ್ತಾನೆ, ಅದಕ್ಕೇ ತಡ ಅಪಾಯ. ಮದುವೆ ಆಗ್ತೀನಿ ಅಂತ ವಂಚಿಸಿದ ಬಿಎನ್‌ಎಸ್ 69ನೇ ಕಲಮಿನ ಕೇಸಿಗೆ ಮಾತ್ರ ಈ ಎರಡು ತಿಂಗಳ ಗಡುವು ಇಲ್ಲ, ಕೇಸಿನ ಕಲಮು ನೋಡಿಕೊಳ್ರಿ.

ಬಿ ರಿಪೋರ್ಟ್ ಬಂದರೆ ದೂರುದಾರರಿಗೆ ನೋಟಿಸ್ ಕೊಡದೆ ಮ್ಯಾಜಿಸ್ಟ್ರೇಟರು ಒಪ್ಪಂಗಿಲ್ಲ. ತಕರಾರು ಅರ್ಜಿ ಹಾಕ್ರಿ, ಯಾವ ಸಾಕ್ಷಿಯನ್ನ ಕೇಳಲಿಲ್ಲ, ಯಾವ ಫೋನು ಜಪ್ತಿ ಮಾಡಲಿಲ್ಲ ಅಂತ ಹೆಸರಿಟ್ಟು ಬರೀರಿ. ಮ್ಯಾಜಿಸ್ಟ್ರೇಟರು ಇನ್ನೂ ತನಿಖೆ ಮಾಡಿ ಅನ್ನಬಹುದು, ಇಲ್ಲಾ ತಾವೇ ಕಾಗ್ನಿಜೆನ್ಸ್ ತಗೋಬಹುದು, ಅಂದ್ರೆ ಕೇಸನ್ನ ವಿಚಾರಣೆಗೆ ಎತ್ತಿಕೊಳ್ಳಬಹುದು. ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗ್ರಿ ಅಥವಾ 15100ಕ್ಕೆ ಫೋನ್ ಮಾಡ್ರಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಪುಕ್ಕಟೆ.

ಮತ್ತೆ ಇಲ್ಲಿ ಯಾರೂ ಸಂತ್ರಸ್ತೆಯ ಹೆಸರು, ಓಣಿ, ಶಾಲೆ ಬರೀಬ್ಯಾಡ್ರಿ. ಬಿಎನ್‌ಎಸ್ 72ನೇ ಕಲಮಿನಡಿ ಅದೇ ಒಂದು ಅಪರಾಧ.