ಯುವಾಲ್ಡಿಯ ನಂತರ ಶಾಲೆಗಳಲ್ಲಿ ಶಸ್ತ್ರಧಾರಿ ಪೊಲೀಸರಿದ್ದರೆ ಸಾಕೇ?

ಪ್ರಶ್ನೆ (ಡಲ್ಲಾಸ್‌ನ ಪೋಷಕಿ):
2022ರ ಮೇ 24ರಂದು ಟೆಕ್ಸಾಸ್‌ನ ಯುವಾಲ್ಡಿಯ ರಾಬ್ ಪ್ರಾಥಮಿಕ ಶಾಲೆಯಲ್ಲಿ 19 ಮಕ್ಕಳೂ ಇಬ್ಬರು ಶಿಕ್ಷಕಿಯರೂ ಹತರಾದರು. 376 ಅಧಿಕಾರಿಗಳು ಸ್ಥಳಕ್ಕೆ ಬಂದರೂ ಹಂತಕನನ್ನು ಎದುರಿಸಲು 77 ನಿಮಿಷ ಹಿಡಿಯಿತು. ಹೀಗಿರುವಾಗ, ಪ್ರತಿ ಸರ್ಕಾರಿ ಶಾಲೆಯಲ್ಲೂ ಶಸ್ತ್ರಧಾರಿ ಅಧಿಕಾರಿ ಇರಬೇಕೆಂಬ 2023ರ ಟೆಕ್ಸಾಸ್ ಕಾನೂನನ್ನು ನಂಬಿ ನಾವು ನಿಶ್ಚಿಂತರಾಗಿರಬಹುದೇ?

ಉತ್ತರ 1 (ನಿವೃತ್ತ ಪೊಲೀಸ್ ಅಧಿಕಾರಿ):
ಅಲ್ಲಿ ಕೊರತೆಯಾದದ್ದು ಸಂಖ್ಯೆಯಲ್ಲ, ನಾಯಕತ್ವ. 1999ರ ಕೊಲಂಬೈನ್ ಶಾಲೆಯ ಗುಂಡಿನ ದಾಳಿಯ ನಂತರ, ಮೊದಲು ತಲುಪಿದವರು ಕಾಯದೆ ಒಳನುಗ್ಗಬೇಕೆಂದೇ ಅಮೆರಿಕದ ಪೊಲೀಸರಿಗೆ ಕಲಿಸಲಾಗುತ್ತಿದೆ. 2023ರಲ್ಲಿ ನ್ಯಾಶ್‌ವಿಲ್ ಪೊಲೀಸರು, ಮೊದಲ ಕರೆ ಬಂದ ಸುಮಾರು 14 ನಿಮಿಷಗಳಲ್ಲಿ ಅಲ್ಲಿನ ಶಾಲೆಯೊಂದರ ಮೇಲಿನ ದಾಳಿಯನ್ನು ಕೊನೆಗೊಳಿಸಿದರು.

ಉತ್ತರ 2 (ಆಸ್ಟಿನ್‌ನ ವಕೀಲೆ):
ಆ ನ್ಯಾಶ್‌ವಿಲ್‌ನಲ್ಲೂ ಮೂವರು ಮಕ್ಕಳು ಮತ್ತು ಮೂವರು ವಯಸ್ಕರು ಸತ್ತರೆಂಬುದನ್ನು ಬಿಟ್ಟು ಲೆಕ್ಕ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಯುವಾಲ್ಡಿಯ ಹಂತಕ 18 ತುಂಬಿದ ಕೂಡಲೇ ರೈಫಲ್‌ಗಳನ್ನು ಕಾನೂನುಬದ್ಧವಾಗಿಯೇ ಖರೀದಿಸಿದ್ದ. ಪರವಾನಗಿ ಪಡೆದ ವ್ಯಾಪಾರಿಯಿಂದ ಪಿಸ್ತೂಲು ಕೊಳ್ಳಲು ಮಾತ್ರ 21 ಆಗಿರಬೇಕೆಂಬುದು ವಿಚಿತ್ರವಲ್ಲವೇ? 2022ರ ಜೂನ್‌ನ ಒಕ್ಕೂಟ ಕಾನೂನು 21ರೊಳಗಿನವರ ಹಿನ್ನೆಲೆ ಪರಿಶೀಲನೆಯನ್ನು ಬಿಗಿಗೊಳಿಸಿತೇ ಹೊರತು ವಯೋಮಿತಿಯನ್ನು ಏರಿಸಲಿಲ್ಲ.

ಉತ್ತರ 3 (ಮಿಷಿಗನ್‌ನ ಮಕ್ಕಳ ವೈದ್ಯ):
ಮನೆಯಲ್ಲಿರುವ ಬಂದೂಕನ್ನೂ ಮರೆಯಬೇಡಿ. ಇಲ್ಲಿನ ಆಕ್ಸ್‌ಫರ್ಡ್ ಶಾಲೆಯಲ್ಲಿ 2021ರಲ್ಲಿ ನಾಲ್ವರು ವಿದ್ಯಾರ್ಥಿಗಳನ್ನು ಕೊಂದ ಹುಡುಗನ ತಂದೆತಾಯಿ ಇಬ್ಬರಿಗೂ 2024ರಲ್ಲಿ ಜೈಲುಶಿಕ್ಷೆಯಾಯಿತು. ಅದೇ ವರ್ಷ, ಮಕ್ಕಳಿರುವ ಮನೆಗಳಲ್ಲಿ ಬಂದೂಕನ್ನು ಬೀಗ ಹಾಕಿಡಬೇಕೆಂಬ ಕಾನೂನೂ ಜಾರಿಗೆ ಬಂತು. ಮಗುವನ್ನು ಬೇರೆಯವರ ಮನೆಗೆ ಆಟಕ್ಕೆ ಕಳುಹಿಸುವ ಮುನ್ನ, ಸಂಕೋಚವಾದರೂ ಸರಿ, ಅಲ್ಲಿ ಬಂದೂಕಿದೆಯೇ, ಬೀಗವಿದೆಯೇ ಎಂದು ಕೇಳಿ.