ಕರಾವಳಿಯ ಮಳೆಗಾಲದಲ್ಲಿ ಹಳೆಯ ಸ್ಟಾರ್ ವಾರ್ಸ್ ಗೊಂಬೆಗಳನ್ನು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ (ಕಾರವಾರದಿಂದ):

ಎಲ್ಲರಿಗೂ ನಮಸ್ಕಾರ. ನನ್ನ ಸೋದರಮಾವ ಸರಕು ಹಡಗಿನಲ್ಲಿ ಕೆಲಸದಲ್ಲಿದ್ದವರು. ಎಂಬತ್ತರ ದಶಕದ ಆರಂಭದಲ್ಲಿ ಅವರು ರಜೆಗೆ ಬಂದಾಗಲೆಲ್ಲ ಮಗನಿಗೆಂದು ತಂದ ಗೊಂಬೆಗಳನ್ನು ಅತ್ತೆ ಒಂದು ತಗಡಿನ ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿ ಇಟ್ಟಿದ್ದರು. ಕೋಡಿಬಾಗದ ಹಳೆಯ ಮನೆಯನ್ನು ದುರಸ್ತಿ ಮಾಡಿಸುವಾಗ ಆ ಟ್ರಂಕು ಈಗ ನನ್ನ ಕೈಸೇರಿದೆ. ಅದರಲ್ಲಿ ಅಮೆರಿಕದ ಕೆನ್ನರ್ ಕಂಪನಿಯ, ಮೂರೂಮುಕ್ಕಾಲು ಇಂಚು ಎತ್ತರದ, ಸ್ಟಾರ್ ವಾರ್ಸ್ ಸಿನಿಮಾದ ಪಾತ್ರಗಳ ಏಳು ಗೊಂಬೆಗಳಿವೆ. ಖಳನಾಯಕ ಡಾರ್ತ್ ವೇಡರನ ಮೇಲಂಗಿ ಮುಟ್ಟಿದರೆ ಕೈಗೆ ಅಂಟುತ್ತದೆ. ಬಿಳಿಯ ಸ್ಟಾರ್ಮ್‌ಟ್ರೂಪರ್ ಸೈನಿಕ ಹಳೆಯ ಕಾಗದದಂತೆ ಹಳದಿಯಾಗಿದೆ. ಆರ್‌ಟೂ-ಡೀಟೂ ಎಂಬ ರೋಬೋಟಿನ ಮೈಗೆ ಸುತ್ತಿದ ಚೀಟಿಯ ಅಂಚು ಎದ್ದಿದೆ. ಇವುಗಳ ಜೊತೆಗೆ 1990ರ ಸುಮಾರಿಗೆ ಪಣಜಿಯಲ್ಲಿ ಕೊಂಡ ನಾಲ್ಕು ಜಿ.ಐ. ಜೋ ಸೈನಿಕ ಗೊಂಬೆಗಳೂ ಇದ್ದು, ಅವುಗಳಲ್ಲಿ ಎರಡರ ಸೊಂಟ ಕಳಚಿ ಕಾಲುಗಳು ಬೇರೆಯಾಗಿವೆ. ಇವನ್ನು ತೊಳೆಯಬಹುದೇ, ಹಳದಿ ಬಣ್ಣವನ್ನು ತೆಗೆಸಬಹುದೇ, ಇವು ಅಸಲಿಯೆಂದು ಗುರುತಿಸುವುದು ಹೇಗೆ ಎಂಬುದನ್ನು ಬಲ್ಲವರು ತಿಳಿಸಬೇಕು. ಜೂನ್ ಹತ್ತಿರ ಬಂದಿರುವುದರಿಂದ ನನಗೆ ನಿಜವಾಗಿಯೂ ಚಿಂತೆಯಾಗಿದೆ.

ಉತ್ತರ (ಶಿರಸಿಯಿಂದ):

ಮೊದಲು ಆ ನುಸಿಗುಳಿಗೆಯನ್ನು ಹೊರಗೆ ಹಾಕಿ. ಉಳಿದದ್ದನ್ನು ಆಮೇಲೆ ನೋಡೋಣ. ಬಟ್ಟೆಗೆ ಒಳ್ಳೆಯದೆಂದು ನಮ್ಮ ಮನೆಗಳಲ್ಲಿ ಎಲ್ಲದಕ್ಕೂ ಅದನ್ನು ಹಾಕುತ್ತಾರೆ, ಆದರೆ ಅದರ ಆವಿ ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಿಬಿಡುತ್ತದೆ.

ಮೇಲಂಗಿಯ ಜಿಗುಟಿಗೆ ಕಾರಣ ಕೊಳೆಯಲ್ಲ. ಅದು ಮೆದು ಪಿವಿಸಿಯದು. ಬಾಗುವ ಗುಣ ಬರಲೆಂದು ಅದಕ್ಕೆ ಬೆರೆಸಿದ ಎಣ್ಣೆಯಂಥ ರಾಸಾಯನಿಕ ವರ್ಷಗಳು ಕಳೆದಂತೆ, ಸೆಕೆಯಲ್ಲಂತೂ ಇನ್ನೂ ಬೇಗ, ಮೇಲಕ್ಕೆ ಒಸರುತ್ತದೆ. ಉಗುರುಬೆಚ್ಚಗಿನ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಸೋಪಿನ ದ್ರವ ಹಾಕಿ, ಮೇಲಂಗಿಯನ್ನು ಬಿಚ್ಚಿ, ಬೆರಳಿನಿಂದಲೇ ತೊಳೆದು ನೆರಳಿನಲ್ಲಿ ಒಣಗಿಸಿ. ಕೈ ತೂರುವ ರಂಧ್ರದ ಅಂಚಿನಲ್ಲಿ ಅದು ಸುಲಭವಾಗಿ ಹರಿಯುವುದರಿಂದ ಎಳೆಯಬೇಡಿ. ಹೀಗೆ ಒಸರುವ ವಸ್ತುವನ್ನು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡುವುದೂ, ಇನ್ನೊಂದು ಗೊಂಬೆಗೆ ತಾಗುವಂತೆ ಇಡುವುದೂ ತಪ್ಪು. ತಾಗಿದ ಗಟ್ಟಿ ಪ್ಲಾಸ್ಟಿಕ್ಕನ್ನೂ ಅದು ಕರಗಿಸುತ್ತದೆ.

ಆರ್‌ಟೂ-ಡೀಟೂವಿಗೆ ಮಾತ್ರ ನೀರು ಸೋಕಿಸಬೇಡಿ, ಅದರ ಮೈಮೇಲಿನದು ಕಾಗದ. ಚಿನ್ನದ ಬಣ್ಣದ ರೋಬೋಟ್ ಸೀ-ಥ್ರೀಪೀಓ ನಿಮ್ಮಲ್ಲಿದ್ದರೆ ಅದನ್ನು ಉಜ್ಜಲೇಬೇಡಿ. ಆ ಹೊಳಪು ತೆಳುವಾದ ಲೋಹದ ಲೇಪ, ಒಮ್ಮೆ ಸವೆದರೆ ಮರಳಿ ಬರುವುದಿಲ್ಲ.

ಹಳದಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಮುಳುಗಿಸಿ ಬಿಸಿಲಿಗಿಟ್ಟರೆ ಅದು ಬೆಳ್ಳಗಾಗುತ್ತದೆ ಎಂಬುದು ನಿಜ. ನಾನೂ ಒಂದು ಸ್ಟಾರ್ಮ್‌ಟ್ರೂಪರನ್ನು ಹಾಗೆ ಮಾಡಿದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹಳದಿ ಮರಳಿತು, ಅದೂ ಕಲೆಕಲೆಯಾಗಿ. ಮೊದಲಿದ್ದ ಸಮನಾದ ಬಣ್ಣವೇ ಎಷ್ಟೋ ಚೆನ್ನಾಗಿತ್ತು. ನಿಮ್ಮದನ್ನು ಹಾಗೆಯೇ ಬಿಡಿ, ಕಿಟಕಿಯ ಬೆಳಕಿನಿಂದ ಮಾತ್ರ ದೂರವಿಡಿ.

ಉತ್ತರ (ಕುಮಟಾದಿಂದ):

ಅಸಲಿಯ ಪ್ರಶ್ನೆಗೆ ನನಗೆ ತಿಳಿದಷ್ಟು ಹೇಳುತ್ತೇನೆ. ಕಾಲಿನ ಹಿಂಬದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಮೊದಲ ಹನ್ನೆರಡು ಗೊಂಬೆಗಳ ಮೇಲೆ ಸಾಮಾನ್ಯವಾಗಿ ಜಿ.ಎಂ.ಎಫ್.ಜಿ.ಐ. ಎಂಬ ಅಕ್ಷರಗಳೂ 1977 ಎಂಬ ಇಸವಿಯೂ ಅಚ್ಚಾಗಿರುತ್ತವೆ; ಅವು ಕೆನ್ನರ್‌ನ ಮಾತೃಸಂಸ್ಥೆಯಾಗಿದ್ದ ಜನರಲ್ ಮಿಲ್ಸ್‌ನ ಆಟಿಕೆ ವಿಭಾಗದ ಹೆಸರಿನ ಮೊದಲಕ್ಷರಗಳು. ಇಸವಿ 1977 ಎಂದಿದ್ದರೂ ಗೊಂಬೆಗಳು ಮಕ್ಕಳ ಕೈಗೆ ಬಂದದ್ದು 1978ರಲ್ಲಿ. ಸಿನಿಮಾ ಅಷ್ಟು ಜನಪ್ರಿಯವಾಗುತ್ತದೆಂದು ಯಾರೂ ಎಣಿಸಿರಲಿಲ್ಲವಾದ್ದರಿಂದ, 1977ರ ಕ್ರಿಸ್‌ಮಸ್ಸಿಗೆ ಕಂಪನಿಯು ಗೊಂಬೆಯ ಬದಲು, ಮುಂದೆ ನಾಲ್ಕು ಗೊಂಬೆಗಳನ್ನು ಕಳುಹಿಸುವ ಭರವಸೆಯ ಪತ್ರವಿದ್ದ ರಟ್ಟಿನ ಲಕೋಟೆಯನ್ನು ಮಾರಬೇಕಾಯಿತು.

ನಕಲಿಯ ಹಾವಳಿ ಹೆಚ್ಚಾಗಿರುವುದು ಗೊಂಬೆಗಿಂತ ಅದರ ಕೈಯ ಬಂದೂಕು ಮತ್ತು ಮೇಲಂಗಿಗಳಲ್ಲಿ. ಮನೆಯ ಟ್ರಂಕಿನಿಂದಲೇ ಬಂದದ್ದು ನಿಮ್ಮ ಭಾಗ್ಯ. ಟ್ರಂಕಿನ ತಳದ ಕಸವನ್ನು ಚೆಲ್ಲುವ ಮೊದಲು ಜರಡಿ ಹಿಡಿಯಿರಿ; ಬಂದೂಕುಗಳು ಅಡಿಕೆ ಚೂರಿನಷ್ಟು ಚಿಕ್ಕವು.

ಪಣಜಿಯ ಗೊಂಬೆಗಳನ್ನು ಎರಡನೆಯ ದರ್ಜೆಯವೆಂದು ದಯವಿಟ್ಟು ಬದಿಗಿಡಬೇಡಿ. ಅವು ನಮ್ಮ ದೇಶದ ಫನ್‌ಸ್ಕೂಲ್ ಕಂಪನಿಯವಾಗಿದ್ದರೆ, ಜಿ.ಐ. ಜೋದ ಮೂಲ ತಯಾರಕರಾದ ಅಮೆರಿಕದ ಹ್ಯಾಸ್ಬ್ರೋದ ಅಚ್ಚುಗಳನ್ನೇ ಬಳಸಿ ಭಾರತದಲ್ಲಿ ತಯಾರಿಸಿದವು. ಫನ್‌ಸ್ಕೂಲ್‌ನ ಕಾರ್ಖಾನೆ ನಮ್ಮ ಪಕ್ಕದ ಗೋವೆಯಲ್ಲೇ ಇದೆ. ಅಮೆರಿಕದಲ್ಲಿ ಎಂದೂ ಬಾರದ ಬಣ್ಣಗಳಲ್ಲಿ ಕೆಲವು ಗೊಂಬೆಗಳು ಇಲ್ಲಿ ಬಂದಿದ್ದರಿಂದ ಹೊರದೇಶದ ಸಂಗ್ರಾಹಕರೂ ಇವನ್ನು ಹುಡುಕುತ್ತಾರೆ. ಸೊಂಟ ಕಳಚಿರುವುದು ದೊಡ್ಡ ದೋಷವಲ್ಲ. ಮೈಯೊಳಗೆ ಒಂದು ಚಿಕ್ಕ ರಬ್ಬರ್ ಉಂಗುರವಿದ್ದು, ಕಾಲುಗಳನ್ನು ಹಿಡಿದ ಲೋಹದ ಕೊಕ್ಕೆಯನ್ನು ಅದೇ ಎಳೆದಿಟ್ಟುಕೊಂಡಿರುತ್ತದೆ. ಅದು ಗಟ್ಟಿಯಾಗಿ ತುಂಡಾಗಿದೆ, ಅಷ್ಟೇ. ಬೆನ್ನಿನ ಸ್ಕ್ರೂ ಬಿಚ್ಚಿ ಅದೇ ಅಳತೆಯ ಓ-ರಿಂಗ್ ಹಾಕಿ. ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲಿ ಹಳೆಯ ತುಂಡನ್ನು ತೋರಿಸಿ ಕೇಳಬಹುದು. ಸ್ಕ್ರೂ ತುಕ್ಕು ಹಿಡಿದಿದ್ದರೆ ಒತ್ತಾಯ ಮಾಡಬೇಡಿ, ಒಂದು ಹನಿ ಎಣ್ಣೆ ಬಿಟ್ಟು ಒಂದು ದಿನ ಕಾಯಿರಿ.

ಪ್ರಶ್ನೆ ಕೇಳಿದವರಿಂದ:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನುಸಿಗುಳಿಗೆಯನ್ನು ಇಂದೇ ತೆಗೆದೆ. ಕಾಲಿನ ಹಿಂದೆ ನೀವು ಹೇಳಿದ ಅಕ್ಷರಗಳೂ ಅವುಗಳ ಜೊತೆಗೆ ಹಾಂಗ್‌ಕಾಂಗ್ ಎಂಬ ಹೆಸರೂ ಇವೆ. ಮಳೆಗಾಲದ ನಾಲ್ಕು ತಿಂಗಳು ಯಾವ ಡಬ್ಬಿ ಒಳ್ಳೆಯದು ಎಂಬುದೊಂದನ್ನು ತಿಳಿಸಿ.

ಉತ್ತರ (ಶಿರಸಿಯಿಂದ):

ತಳದಲ್ಲಿ ತ್ರಿಕೋನದೊಳಗೆ 5 ಎಂಬ ಅಂಕಿಯಿರುವ ಪಾಲಿಪ್ರೊಪಿಲೀನ್ ಡಬ್ಬಿಯನ್ನು ಆರಿಸಿ. ಸ್ಟಾರ್ಮ್‌ಟ್ರೂಪರಿನಂಥ ಒಣ ಗೊಂಬೆಗಳನ್ನು ಅದರಲ್ಲಿ ತೇವ ಹೀರಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಹರಳುಗಳ ಜೊತೆಗೆ ಮುಚ್ಚಿಡಿ. ಹರಳುಗಳ ಬಣ್ಣ ಬದಲಾದಾಗ ಬಿಸಿಮಾಡಿ ಮತ್ತೆ ಬಳಸಬಹುದು. ವೇಡರನ ಮೇಲಂಗಿಗೆ ಬೇರೆ ಡಬ್ಬಿ ಬೇಕು, ಅದರ ಮುಚ್ಚಳ ಸಡಿಲವಾಗಿರಲಿ. ಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ. ನನ್ನ ಮೂರು ಗೊಂಬೆಗಳ ಪ್ಯಾಕಿನ ರಟ್ಟುಗಳು ಬೂಷ್ಟು ಹಿಡಿದು ಹಾಳಾದದ್ದು ಅಂಥ ಗೋಡೆಯ ತೇವದಿಂದಲೇ. ಅಂದಹಾಗೆ, ವೇಡರನ ತೋಳಿನ ಕೆಳಗಿನ ಪುಟ್ಟ ಗುಬಟನ್ನು ಮೆಲ್ಲಗೆ ಮುಂದಕ್ಕೆ ಸರಿಸಿ ನೋಡಿ, ಕೆಂಪು ಕತ್ತಿ ಹೊರಬರುತ್ತದೆ. ಅದರ ತೆಳುವಾದ ತುದಿ ಮುರಿಯದೆ ಉಳಿದಿದೆಯೇ?